ಫೋರ್ ವೀಲ್ ಡ್ರೈವ್ ಆರಿಸುವಾಗ: ಗಾಡಿಯಲ್ಲೇ ಏನಿರಬೇಕು, ಆಮೇಲೆ ಏನು ಹಾಕಿಸಬಹುದು

ಆಫ್‌ರೋಡ್‌ಗೆ ಯಾವ ಗಾಡಿ ಬೆಸ್ಟ್ ಅಂತ ಕೇಳಿ ನೋಡಿ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಹತ್ತರಲ್ಲಿ ಒಂಬತ್ತು ಅವರವರ ಸ್ವಂತ ಗಾಡಿಯ ಹೆಸರೇ ಆಗಿರುತ್ತದೆ. ಆ ಪ್ರಶ್ನೆ ಪಕ್ಕಕ್ಕಿಡಿ. ಬದಲಿಗೆ ಹೀಗೆ ಕೇಳಿಕೊಳ್ಳಿ: ಈ ಗಾಡಿಯಲ್ಲಿ ಆಮೇಲೆ ಬದಲಾಯಿಸಲು ಆಗದ್ದು ಯಾವುದು? ಟೈರ್ ಬದಲಾಯಿಸಬಹುದು. ಸ್ಪ್ರಿಂಗ್, ಷಾಕ್ ಅಬ್ಸಾರ್ಬರ್, ಬಂಪರ್, ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಎಷ್ಟೋ ಗಾಡಿಗಳಿಗೆ ಡಿಫ್ ಲಾಕರ್ (ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಸಾಧನ) ಕೂಡ ನಿಧಾನವಾಗಿ ಹಾಕಿಸಬಹುದು. ಆದರೆ ಲೋ ರೇಂಜ್ (ಗಾಡಿಯನ್ನು ತೀರಾ ನಿಧಾನಕ್ಕೆ, ಜಾಸ್ತಿ ಎಳೆತದಲ್ಲಿ ಓಡಿಸುವ ಇನ್ನೊಂದು ಗೇರು ಸೆಟ್) ಇಲ್ಲದ ಗಾಡಿಗೆ ಲೋ ರೇಂಜ್ ಕೂರಿಸುವುದು, ಉದ್ದದ ಗಾಡಿಯನ್ನು ಗಿಡ್ಡ ಮಾಡುವುದು, ಎರಡೂವರೆ ಟನ್ನಿನ ಗಾಡಿಯನ್ನು ಒಂದೂವರೆ ಟನ್ನಿಗೆ ಇಳಿಸುವುದು ಆಗದ ಮಾತು. ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಅದಕ್ಕೂ ಮೊದಲು, ನೀವು ಹೋಗುವ ನೆಲ ಎಂಥದ್ದು ಅಂತ ತೀರ್ಮಾನಿಸಿ. 'ಎಲ್ಲಾ ಕಡೆಗೂ' ಅನ್ನುವ ಉತ್ತರ ಬೇಡ. ಮರಳಿಗೆ ಹಗುರ ಗಾಡಿ, ಅಗಲವಾಗಿ ಹರಡುವ ಟೈರ್, ಸ್ವಲ್ಪ ಜಾಸ್ತಿ ಎಂಜಿನ್ ಶಕ್ತಿ ಬೇಕು. ಬಂಡೆಗಳ ಮೇಲೆ ಹತ್ತಿಳಿಯುವುದಕ್ಕೆ ಶಕ್ತಿಗಿಂತ ನಿಧಾನ ಮುಖ್ಯ, ಅಂದರೆ ತಗ್ಗಿನ ಗೇರು. ಕೆಸರಿಗೆ ಟೈರಿನ ಹಲ್ಲು. ದಿನಗಟ್ಟಲೆ ಕಚ್ಚಾ ರಸ್ತೆಯಲ್ಲಿ ಸಾಮಾನು ತುಂಬಿಕೊಂಡು ಓಡುವುದಾದರೆ ಹೊರುವ ಸಾಮರ್ಥ್ಯ ಮತ್ತು ಒಳ್ಳೆಯ ಷಾಕ್. ಇವೆಲ್ಲ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ.

ಆಲ್ ವೀಲ್, ಪಾರ್ಟ್ ಟೈಮ್, ಫುಲ್ ಟೈಮ್

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ರಸ್ತೆಯ ಕಾರುಗಳಲ್ಲಿ ಬರುವ ಆಲ್ ವೀಲ್ ಡ್ರೈವ್ ಬಹುತೇಕ ಎರಡು ಚಕ್ರದಲ್ಲೇ ಓಡುತ್ತಿರುತ್ತದೆ. ಅವು ಜಾರಿದಾಗ ಒಂದು ಕ್ಲಚ್ ಹಿಡಿದುಕೊಂಡು ಉಳಿದ ಎರಡಕ್ಕೂ ಶಕ್ತಿ ಕಳಿಸುತ್ತದೆ. ಒದ್ದೆ ರಸ್ತೆ, ಹಿಮ, ಜಲ್ಲಿ ದಾರಿಗೆ ಇದು ಸಾಕು, ಕೆಲವೊಮ್ಮೆ ಇದೇ ಒಳ್ಳೆಯದು. ಆದರೆ ಆಳದ ಮರಳಿನಲ್ಲಿ ಹತ್ತು ನಿಮಿಷ ಒದ್ದಾಡಿಸಿದರೆ ಆ ಕ್ಲಚ್ ಬಿಸಿಯಾಗಿ ಕೈ ಕೊಡಬಹುದು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಲೋ ರೇಂಜ್ ಇರುವುದಿಲ್ಲ.

ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಹಳೆಯ, ಸರಳ ವ್ಯವಸ್ಥೆ. ಸುಜುಕಿ ಜಿಮ್ನಿ, ಟೊಯೊಟಾ ಲ್ಯಾಂಡ್ ಕ್ರೂಸರ್ 70, ಬಹುತೇಕ ಪಿಕಪ್‌ಗಳಲ್ಲಿ ಇದೇ ಇರುತ್ತದೆ. ರಸ್ತೆಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ಬೇಕಾದಾಗ ಲಿವರ್ ಎಳೆದರೆ ಮುಂದಿನ ಆಕ್ಸಲ್ ಕೂಡ ಸೇರಿಕೊಳ್ಳುತ್ತದೆ. ಹಾಗೆ ಸೇರಿದ ಮೇಲೆ ಮುಂದಿನದ್ದೂ ಹಿಂದಿನದ್ದೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಸಾಗುತ್ತವೆ, ಹಿಂದಿನವು ಕಮ್ಮಿ. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಆ ಬಿಗಿತವೆಲ್ಲ ಗೇರು ಮತ್ತು ಶಾಫ್ಟ್‌ಗಳ ಮೇಲೆ ಬೀಳುತ್ತದೆ. ಹಾಗಾಗಿ ಡಾಂಬರು ಸಿಕ್ಕ ಕೂಡಲೇ ಟೂ ವೀಲ್‌ಗೆ ಬರಬೇಕು. ಇದೊಂದು ಶಿಸ್ತು ಇದ್ದರೆ ಪಾರ್ಟ್ ಟೈಮ್ ವ್ಯವಸ್ಥೆಯಷ್ಟು ಗಟ್ಟಿ, ರಿಪೇರಿಗೆ ಸುಲಭವಾದದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಫುಲ್ ಟೈಮ್‌ನಲ್ಲಿ ಮುಂದಕ್ಕೂ ಹಿಂದಕ್ಕೂ ಮಧ್ಯೆ ಇನ್ನೊಂದು ಡಿಫರೆನ್ಶಿಯಲ್ (ಚುಟುಕಾಗಿ ಡಿಫ್, ಎರಡು ಕಡೆಯವು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಸೆಟ್) ಇರುತ್ತದೆ. ಹಾಗಾಗಿ ಡಾಂಬರಿನಲ್ಲೂ ನಾಲ್ಕು ಚಕ್ರ ಎಳೆಯುತ್ತಿದ್ದರೆ ತೊಂದರೆ ಇಲ್ಲ. ಮಳೆಯಲ್ಲಿ, ಹಿಮದಲ್ಲಿ ತುಂಬಾ ಹಾಯಾಗಿ ಓಡುತ್ತದೆ. ಆದರೆ ಕೊಳ್ಳುವಾಗ ಆ ಮಧ್ಯದ ಡಿಫ್ ಲಾಕ್ ಆಗುತ್ತದಾ ಅಂತ ಕೇಳಲೇಬೇಕು. ಲಾಕ್ ಇಲ್ಲದಿದ್ದರೆ ಒಂದೇ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಶಕ್ತಿಯೆಲ್ಲ ಅಲ್ಲಿಗೇ ಹರಿದು ಹೋಗುತ್ತದೆ, ಉಳಿದ ಮೂರು ಚಕ್ರ ಸುಮ್ನೆ ನಿಂತಿರುತ್ತವೆ.

ಲೋ ರೇಂಜ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜನ ಅದನ್ನು 'ಹೆಚ್ಚು ಶಕ್ತಿ' ಅಂದುಕೊಳ್ಳುತ್ತಾರೆ. ನಿಜವಾಗಿ ಅದರ ದೊಡ್ಡ ಉಪಯೋಗ ನಿಧಾನ. ಒಂದನೇ ಗೇರಿನ ಅನುಪಾತ, ಲೋ ರೇಂಜ್ ಅನುಪಾತ, ಆಕ್ಸಲ್ ಅನುಪಾತ ಮೂರನ್ನೂ ಗುಣಿಸಿದರೆ ಎಂಜಿನ್ ಎಷ್ಟು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ ಅಂತ ಗೊತ್ತಾಗುತ್ತದೆ. ಜೀಪ್ ರಾಂಗ್ಲರ್ ರೂಬಿಕಾನ್‌ನ ಮ್ಯಾನುಯಲ್ ಗೇರಿನ ಮಾದರಿಯಲ್ಲಿ ಇದು ಸುಮಾರು 84. ಅದರಲ್ಲಿ ಲೋ ರೇಂಜ್ ಒಂದೇ 4:1. ಅದೇ ರಾಂಗ್ಲರ್‌ನ ಸಾಮಾನ್ಯ ಮಾದರಿಯಲ್ಲಿ 2.72:1, ಜಿಮ್ನಿಯಲ್ಲಿ ಹೆಚ್ಚುಕಮ್ಮಿ 2:1. ದೊಡ್ಡ ಸಂಖ್ಯೆ ಇದ್ದರೆ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೇ, ಎಂಜಿನ್ ಹಿಡಿತದಲ್ಲೇ, ನಡೆಯುವವರಿಗಿಂತ ನಿಧಾನವಾಗಿ ಇಳಿಯಬಹುದು. ಬಂಡೆ, ಕೊರಕಲು ನಿಮ್ಮ ದಾರಿಯಾದರೆ ಲೋ ರೇಂಜ್ ಇಲ್ಲದ ಗಾಡಿಯ ಕಡೆ ನೋಡಲೇಬೇಡಿ. ಬರೀ ಕಚ್ಚಾ ರಸ್ತೆಯಾದರೆ ಅದಕ್ಕಾಗಿ ಅಷ್ಟೊಂದು ದುಡ್ಡು ಸುರಿಯುವ ಅಗತ್ಯವಿಲ್ಲ.

ಉದ್ದವೋ, ಗಿಡ್ಡವೋ

ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಎತ್ತರವನ್ನು, ಅಂದರೆ ಗ್ರೌಂಡ್ ಕ್ಲಿಯರೆನ್ಸನ್ನು, ಎಲ್ಲರೂ ಕೇಳುತ್ತಾರೆ. ಕೋನಗಳನ್ನು ಕೇಳುವವರು ಕಮ್ಮಿ. ಮೂರು ಕೋನ ಇವೆ. ಮೂತಿ ಬಡಿಯದಂತೆ ಎಷ್ಟು ಕಡಿದಾದ ಏರಿಗೆ ಚಕ್ರ ಕೊಡಬಹುದು ಅನ್ನುವುದು ಮೊದಲನೆಯದು. ಹಿಂಬದಿ ಬಡಿಯದಂತೆ ಇಳಿಯುವುದು ಎರಡನೆಯದು. ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ತಗುಲದಿರುವುದು ಮೂರನೆಯದು. ಮೂರನೆಯದಕ್ಕೂ ಗಾಡಿಯ ಉದ್ದಕ್ಕೂ ನೇರ ಸಂಬಂಧ.

ಜಿಮ್ನಿಯನ್ನೇ ನೋಡಿ. ಮೂರು ಬಾಗಿಲಿನದ್ದರಲ್ಲಿ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ 2,250 ಮಿಲಿಮೀಟರ್, ಐದು ಬಾಗಿಲಿನದ್ದರಲ್ಲಿ 2,590. ಗ್ರೌಂಡ್ ಕ್ಲಿಯರೆನ್ಸ್ ಎರಡಕ್ಕೂ 210 ಮಿಲಿಮೀಟರ್, ಏನೂ ವ್ಯತ್ಯಾಸವಿಲ್ಲ. ಆದರೆ ಹೊಟ್ಟೆಯ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ನಾಲ್ಕೇ ಡಿಗ್ರಿ, ದಿಬ್ಬದ ಮೇಲೆ ಹೊಟ್ಟೆ ಕೂತುಬಿಟ್ಟು ನಾಲ್ಕೂ ಚಕ್ರ ಹಗುರಾದಾಗ ಆ ನಾಲ್ಕು ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಹಾಗಂತ ಗಿಡ್ಡದ್ದೇ ಗೆಲ್ಲುತ್ತದೆ ಅಂತಲೂ ಅಲ್ಲ. ಕಡಿದಾದ ಏರಿನಲ್ಲಿ ಉದ್ದದ ಗಾಡಿ ಸ್ಥಿರವಾಗಿ ಹತ್ತುತ್ತದೆ, ಗಿಡ್ಡದ್ದು ಮೂತಿ ಎತ್ತಿಕೊಂಡು ಹೆದರಿಸುತ್ತದೆ. ಜೊತೆಗೆ ಮನೆಮಂದಿ, ಸಾಮಾನು, ಮಲಗುವ ಜಾಗ ಎಲ್ಲ ಲೆಕ್ಕಕ್ಕೆ ಬರುತ್ತವೆ ಅಲ್ವಾ? ರಾಂಗ್ಲರ್‌ನ ನಾಲ್ಕು ಬಾಗಿಲಿನದ್ದು ಚಕ್ರದಿಂದ ಚಕ್ರಕ್ಕೆ ಮೂರು ಮೀಟರ್ ಉದ್ದವಿದ್ದೂ ಜನ ಅದನ್ನು ಖುಷಿಯಿಂದ ಓಡಿಸುತ್ತಾರೆ.

ಗಟ್ಟಿ ಆಕ್ಸಲ್ ಮತ್ತು ಬಿಡಿ ಸಸ್ಪೆನ್ಷನ್

1941ರ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು ಏಣಿಯಂಥ ಷಾಸಿ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು), ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ), ಲೋ ರೇಂಜ್. ಲೀಫ್ ಸ್ಪ್ರಿಂಗ್ ಹೋಗಿ ಕಾಯಿಲ್ ಬಂದದ್ದು ಬಿಟ್ಟರೆ ಜಿಮ್ನಿ, ರಾಂಗ್ಲರ್, ಇನಿಯೋಸ್ ಗ್ರೆನೇಡಿಯರ್ ಇವತ್ತಿಗೂ ಅದೇ ಮನೆತನದವು. ಇನ್ನೊಂದು ಕಡೆ 2020ರ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಇದೆ. ಅದರಲ್ಲಿ ಬೇರೆ ಷಾಸಿಯೇ ಇಲ್ಲ, ಬಾಡಿಯೇ ಷಾಸಿ, ನಾಲ್ಕೂ ಚಕ್ರಕ್ಕೆ ಬಿಡಿ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಮಧ್ಯದಲ್ಲಿ ಲ್ಯಾಂಡ್ ಕ್ರೂಸರ್ 300 ಮತ್ತು ಬಹುತೇಕ ಪಿಕಪ್‌ಗಳು: ಷಾಸಿ ಇದೆ, ಹಿಂದೆ ಗಟ್ಟಿ ಆಕ್ಸಲ್, ಮುಂದೆ ಬಿಡಿ.

ಗಟ್ಟಿ ಆಕ್ಸಲ್‌ನಲ್ಲಿ ಒಂದು ಚಕ್ರ ಬಂಡೆಯ ಮೇಲೆ ಎದ್ದರೆ ಇನ್ನೊಂದು ತಾನಾಗಿ ಕೆಳಕ್ಕೆ ಒತ್ತುತ್ತದೆ, ಹಾಗಾಗಿ ನೆಲ ಬಿಡುವುದಿಲ್ಲ. ಸ್ಪ್ರಿಂಗ್ ಎಷ್ಟೇ ಕುಗ್ಗಿದರೂ ಡಿಫ್‌ನಿಂದ ನೆಲಕ್ಕೆ ಇರುವ ಅಂತರ ಬದಲಾಗುವುದಿಲ್ಲ. ಬಿಡಿ ಸಸ್ಪೆನ್ಷನ್‌ನಲ್ಲಿ ಗಾಡಿ ಕುಕ್ಕರಿಸಿದಾಗ ಹೊಟ್ಟೆಯೂ ಅದರ ಜೊತೆ ಇಳಿಯುತ್ತದೆ. ಆದರೆ ವೇಗದಲ್ಲಿ, ಅಲೆಅಲೆಯಾದ ಕಚ್ಚಾ ರಸ್ತೆಯಲ್ಲಿ ಬಿಡಿ ಸಸ್ಪೆನ್ಷನ್ ಎಷ್ಟೋ ಮೇಲು. ಗಟ್ಟಿ ಆಕ್ಸಲ್‌ನ ಭಾರವೆಲ್ಲ ಸ್ಪ್ರಿಂಗಿನ ಕೆಳಗಿರುವುದರಿಂದ ಅದು ಕುಣಿಯುತ್ತದೆ, ಸ್ಟೀರಿಂಗ್ ಅಲೆದಾಡುತ್ತದೆ. ವಾರದಲ್ಲಿ ಐದು ದಿನ ಡಾಂಬರಿನಲ್ಲೇ ಓಡಿಸುವವರು ಗಟ್ಟಿ ಆಕ್ಸಲ್ ಗಾಡಿಯನ್ನು ಒಮ್ಮೆ ಹೆದ್ದಾರಿಯಲ್ಲಿ ಓಡಿಸಿ ನೋಡಿಯೇ ತೀರ್ಮಾನಿಸಬೇಕು, ವಿಡಿಯೋ ನೋಡಿ ಅಲ್ಲ.

ಡಿಫೆಂಡರ್ ಥರದ ಗಾಡಿಗಳ ಪರವಾಗಿ ಒಂದು ಮಾತು. ಅವು 'ನಿಜವಾದ' ಆಫ್‌ರೋಡರ್ ಅಲ್ಲ ಅಂತ ಮೂಗು ಮುರಿಯುವವರು ಜಾಸ್ತಿ. ಏರ್ ಸಸ್ಪೆನ್ಷನ್ ಇರುವ ಡಿಫೆಂಡರ್ 900 ಮಿಲಿಮೀಟರ್ ಆಳದ ನೀರು ದಾಟುತ್ತದೆ. ಓಡಿಸಲು ಹೊಸಬರಾದವರನ್ನೂ ಅದರ ಎಲೆಕ್ಟ್ರಾನಿಕ್ಸ್ ದಾಟಿಸಿಬಿಡುತ್ತದೆ. ನನ್ನ ತಕರಾರು ಸಾಮರ್ಥ್ಯದ ಬಗ್ಗೆ ಅಲ್ಲ. ದೂರದಲ್ಲಿ ಒಂದು ಸೆನ್ಸರ್ ಕೈ ಕೊಟ್ಟರೆ ಸ್ಪ್ಯಾನರ್ ಹಿಡಿದು ನೀವೇನೂ ಮಾಡಲು ಆಗುವುದಿಲ್ಲ ಅನ್ನುವುದರ ಬಗ್ಗೆ.

ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ ಅನ್ನುವ ಜಗಳಕ್ಕೆ ಜಾಸ್ತಿ ಹೊತ್ತು ಬೇಡ. ಮರಳಿನಲ್ಲಿ, ಬಂಡೆಯಲ್ಲಿ ಆಟೋಮ್ಯಾಟಿಕ್ ಸುಲಭ, ಕ್ಲಚ್ ಸುಡುವ ಭಯವಿಲ್ಲ. ಇಳಿಜಾರಿನಲ್ಲಿ ಮ್ಯಾನುಯಲ್‌ನ ಹಿಡಿತ ಚೆನ್ನ. ನಿಮಗೆ ಯಾವುದು ರೂಢಿಯೋ ಅದು.

ಮೊದಲು ಗಾಳಿ, ಆಮೇಲೆ ಟೈರ್

ಈಗ ಮಾರ್ಪಾಡಿನ ಮಾತು. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ್ದು ಒಂದು ಒಳ್ಳೆಯ ಪ್ರೆಷರ್ ಗೇಜ್ ಮತ್ತು ಗಾಳಿ ತುಂಬುವ ಸಣ್ಣ ಕಂಪ್ರೆಸರ್. ನೋಡಲು ಏನೂ ಚೆಂದ ಇಲ್ಲ, ಫೋಟೋಗೆ ಬರುವುದಿಲ್ಲ, ಅದಕ್ಕೇ ಎಲ್ಲರೂ ಇದನ್ನು ಕೊನೆಗೆ ಕೊಳ್ಳುತ್ತಾರೆ. ರಸ್ತೆಯಲ್ಲಿ 32ರಿಂದ 35 ಪಿಎಸ್‌ಐ ಇರುವ ಟೈರನ್ನು ಕಲ್ಲು, ಕೊರಕಲಿನ ದಾರಿಗೆ 20ರ ಆಸುಪಾಸು, ಮೆತ್ತನೆ ಮರಳಿಗೆ 15ರ ಆಸುಪಾಸು ಇಳಿಸಿದರೆ ಟೈರ್ ನೆಲಕ್ಕೆ ಉದ್ದವಾಗಿ ಹರಡಿಕೊಳ್ಳುತ್ತದೆ. ಹೂತುಹೋಗುತ್ತಿದ್ದ ಗಾಡಿ ತೇಲಿಕೊಂಡು ಹೋಗುತ್ತದೆ, ಚೂಪು ಕಲ್ಲನ್ನು ಟೈರ್ ಚುಚ್ಚಿಸಿಕೊಳ್ಳದೇ ಅಪ್ಪಿಕೊಳ್ಳುತ್ತದೆ. ಗಾಡಿಯ ಭಾರ, ಟೈರಿನ ಗಾತ್ರ ನೋಡಿ ಈ ಸಂಖ್ಯೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು, ಹಾಗಾಗಿ ಕಮ್ಮಿ ಗಾಳಿಯಲ್ಲಿ ವೇಗವೂ ಕಮ್ಮಿ ಇರಲಿ, ಗಕ್ಕನೆ ಸ್ಟೀರಿಂಗ್ ತಿರುಗಿಸಬೇಡಿ. ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿ.

ಟೈರ್ ವಿಷಯಕ್ಕೆ ಬಂದರೆ ಆಲ್ ಟೆರೇನ್, ಅಂದರೆ ಎಟಿ, ಬಹುತೇಕ ಜನರಿಗೆ ಸರಿಯಾದ ಉತ್ತರ. ಮಡ್ ಟೆರೇನ್ ಟೈರಿನ ದೊಡ್ಡ ಹಲ್ಲುಗಳು ಅಂಟು ಕೆಸರನ್ನು ಕಿತ್ತೆಸೆಯುತ್ತವೆ, ಅದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಮ್ಮಿ, ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು, ಬೇಗ ಸವೆಯುತ್ತದೆ, ಗದ್ದಲವಂತೂ ಹೇಳುವುದೇ ಬೇಡ. ವರ್ಷಕ್ಕೆ ಎರಡು ಸಲ ಕೆಸರಿಗೆ ಇಳಿಯುವವರು ಉಳಿದ ದಿನವೆಲ್ಲ ಆ ಗದ್ದಲ ಯಾಕೆ ಕೇಳಬೇಕು?

ಅಗಲದ ಟೈರ್ ಎಲ್ಲ ಕಡೆಯೂ ಮೇಲು ಅನ್ನುವ ಒಂದು ತಪ್ಪು ತಿಳಿವಳಿಕೆ ಇದೆ. ಟೈರಿನ ಮೇಲೆ ಬರೆದ ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಅದರ ಅಗಲ. 235/85 ಆರ್16 ಮತ್ತು 265/75 ಆರ್16 ಎರಡರ ಎತ್ತರ ಹೆಚ್ಚುಕಮ್ಮಿ ಒಂದೇ, ಎರಡೂ 800 ಮಿಲಿಮೀಟರ್‌ಗಿಂತ ತುಸು ಜಾಸ್ತಿ. ಅಗಲದಲ್ಲಿ ಮೂರು ಸೆಂಟಿಮೀಟರ್ ವ್ಯತ್ಯಾಸ. ಮೇಲೆ ತೆಳುವಾಗಿ ಕೆಸರಿದ್ದು ಕೆಳಗೆ ಗಟ್ಟಿ ನೆಲ ಇದ್ದರೆ ಸಣಕಲು ಟೈರ್ ಕತ್ತರಿಸಿಕೊಂಡು ಇಳಿದು ಹಿಡಿತ ಸಿಕ್ಕಿಸಿಕೊಳ್ಳುತ್ತದೆ. ಅಗಲದ್ದು ನೋಡಲು ಭರ್ಜರಿ, ಆದರೆ ಕೀಲುಗಳ ಮೇಲೆ, ಸ್ಟೀರಿಂಗ್ ಮೇಲೆ ಹೊರೆ ಜಾಸ್ತಿ.

ಎತ್ತರ ಏರಿಸುವುದು

ಲಿಫ್ಟ್ ಕಿಟ್ ಹಾಕಿದರೆ ಗಾಡಿ ಎತ್ತರ ಆಗುತ್ತದೆ, ನಿಜ. ಆದರೆ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಏರುವುದು ಷಾಸಿ ಮತ್ತು ಬಾಡಿ ಮಾತ್ರ. ಡಿಫ್ ಇದ್ದಲ್ಲೇ ಇರುತ್ತದೆ, ಕಲ್ಲಿಗೆ ಮೊದಲು ಬಡಿಯುವುದೂ ಅದೇ. ಅದನ್ನು ಎತ್ತರಿಸುವುದು ದೊಡ್ಡ ಟೈರ್ ಒಂದೇ. ಅಲ್ಲೂ ಅರ್ಧ ಲೆಕ್ಕ: 29 ಇಂಚಿನ ಟೈರ್ ತೆಗೆದು 31 ಇಂಚಿನದ್ದು ಹಾಕಿದರೆ ಡಿಫ್ ಏರುವುದು ಒಂದು ಇಂಚು.

ಆ ಒಂದು ಇಂಚಿಗೆ ಏನೇನು ತೆರಬೇಕು ನೋಡಿ. ಸ್ಪೀಡೋಮೀಟರ್ 60 ತೋರಿಸಿದಾಗ ಗಾಡಿ ನಿಜಕ್ಕೂ 64ರಲ್ಲಿ ಓಡುತ್ತಿರುತ್ತದೆ. ಗೇರಿನ ಅನುಪಾತ ಸುಮಾರು ಏಳು ಶೇಕಡಾ ಇಳಿದಂತಾಗುತ್ತದೆ, ಅಂದರೆ ಏರಿನಲ್ಲಿ ಎಳೆತ ಕಮ್ಮಿ, ಲೋ ರೇಂಜಿನ ನಿಧಾನವೂ ಅಷ್ಟು ಹೋಯಿತು. ಬ್ರೇಕ್ ಜಾಸ್ತಿ ದುಡಿಯಬೇಕು. ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ, ಅದಕ್ಕೆ ಲಿಫ್ಟ್ ಬೇಕು. ಲಿಫ್ಟ್ ಹಾಕಿದರೆ ಮುಂದಿನ ಆಕ್ಸಲ್‌ನ ಕ್ಯಾಸ್ಟರ್ ಕೋನ ಕೆಟ್ಟು, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದನ್ನು ಮರೆತು ಅತ್ತಿತ್ತ ಅಲೆಯುತ್ತದೆ. ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಷಾಸಿಗೆ ಹಿಡಿದಿಡುವ ಸರಳು) ಇರುವ ಗಾಡಿಯಲ್ಲಿ ಆಕ್ಸಲ್ ಒಂದು ಬದಿಗೆ ಸರಿದಿರುತ್ತದೆ. ಬ್ರೇಕ್ ಪೈಪ್ ಬಿಗಿಯಾಗುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗಿ ನಡುಕ ಶುರುವಾಗುತ್ತದೆ. ಮುಂದೆ ಬಿಡಿ ಸಸ್ಪೆನ್ಷನ್ ಇದ್ದರೆ ಸಿವಿ ಜಾಯಿಂಟ್‌ಗಳ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲುಗಳ) ಕೋನ ಜಾಸ್ತಿಯಾಗಿ ಬೇಗ ಸವೆಯುತ್ತವೆ. ಆ ಕೋನ ಸರಿ ಮಾಡಲು ಡಿಫ್ ಕೆಳಕ್ಕಿಳಿಸುವ ಕಿಟ್ ಮಾರುತ್ತಾರೆ! ದುಡ್ಡು ಕೊಟ್ಟು ಏರಿಸಿದ್ದನ್ನು ದುಡ್ಡು ಕೊಟ್ಟು ಇಳಿಸಿಕೊಳ್ಳುವುದು.

ಎರಡು ಇಂಚಿನ ಒಳಗೆ ನಿಂತರೆ ಇದರಲ್ಲಿ ಮುಕ್ಕಾಲು ತಲೆನೋವು ಇರುವುದಿಲ್ಲ. ಸ್ಪ್ರಿಂಗನ್ನು ಎತ್ತರ ನೋಡಿ ಅಲ್ಲ, ನೀವು ಯಾವಾಗಲೂ ಹೊರುವ ಭಾರ ನೋಡಿ ಆರಿಸಿ. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ಅದು ಬಗ್ಗುವುದೇ ಇಲ್ಲ, ಚಕ್ರ ನೆಲ ಬಿಡುತ್ತದೆ. ಇನ್ನು ಟೈರ್ ಗಾತ್ರ, ಎತ್ತರ, ಬಂಪರ್ ಬದಲಾಯಿಸುವುದಕ್ಕೆ ಪ್ರತಿ ದೇಶದಲ್ಲೂ ಒಂದೊಂದು ಕಾನೂನಿದೆ, ವಿಮೆಯವರೂ ಕೇಳುತ್ತಾರೆ. ಗ್ಯಾರೇಜಿಗೆ ಹೋಗುವ ಮೊದಲು ಅದನ್ನು ಓದಿಕೊಳ್ಳಿ.

ಲಾಕರ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್

ಸಾಮಾನ್ಯ ಡಿಫ್ ಎರಡೂ ಬದಿಗೆ ಒಂದೇ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಶೂನ್ಯದ ಹತ್ತಿರ, ಹಾಗಾಗಿ ನೆಲದ ಮೇಲಿರುವ ಇನ್ನೊಂದಕ್ಕೆ ಸಿಗುವುದೂ ಅಷ್ಟೇ. ಹೊಸ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ತಲುಪಿಸುತ್ತದೆ. ಅದು ಕೆಲಸ ಮಾಡಲು ಚಕ್ರ ಮೊದಲು ಸ್ವಲ್ಪ ಜಾರಬೇಕು. ಅದಕ್ಕೇ ಆಕ್ಸಿಲರೇಟರ್ ಬಿಡದೇ ಒಂದೇ ಸಮ ಒತ್ತಿ ಹಿಡಿದು ಕಾಯಬೇಕು. ಲಾಕರ್ ಹಾಗಲ್ಲ, ಎರಡೂ ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಜಾರುವ ಮೊದಲೇ ಹಿಡಿತ ಇರುತ್ತದೆ.

ಒಂದೇ ಲಾಕರ್ ಹಾಕಿಸುವುದಾದರೆ ಹಿಂದೆ ಹಾಕಿಸಿ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಲಾಕರ್ ಹಾಕಿದಾಗ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಆಕ್ಸಲ್ ಮುರಿಯುವ ಸಾಧ್ಯತೆಯೂ ಜಾಸ್ತಿ. ಸ್ವಿಚ್ ಒತ್ತಿದಾಗ ಮಾತ್ರ ಲಾಕ್ ಆಗುವಂಥದ್ದನ್ನೇ ಆರಿಸಿ. ತಾನಾಗೇ ಲಾಕ್ ಆಗುವ ಥರದವು ಅಗ್ಗ, ಗಟ್ಟಿ, ಆದರೆ ರಸ್ತೆಯ ತಿರುವಿನಲ್ಲಿ ಟಕಟಕ ಅನ್ನುತ್ತವೆ, ಜಾರುವ ರಸ್ತೆಯಲ್ಲಿ ಹಿಂಬದಿಯನ್ನು ಪಕ್ಕಕ್ಕೆ ತಳ್ಳುತ್ತವೆ.

ಎಳೆಯುವ ಸಾಮಾನು ಮತ್ತು ಭಾರ

ಗಾಡಿಯ ಮುಂದೆ ಹಿಂದೆ ಷಾಸಿಗೆ ಬೋಲ್ಟ್ ಆದ, ಇಷ್ಟು ಟನ್ ತಡೆಯುತ್ತದೆ ಅಂತ ಬರೆದ ಕೊಂಡಿ ಇಲ್ಲದಿದ್ದರೆ ಬೇರೆ ಏನನ್ನೂ ಹಾಕಿಸಬೇಡಿ, ಮೊದಲು ಅದು. ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗೆ (ಟೋ ಬಾಲ್) ಹಗ್ಗ ಸಿಕ್ಕಿಸಿ ಹೂತ ಗಾಡಿ ಎಳೆಯುವುದು ಎಂದೆಂದಿಗೂ ಬೇಡ. ಆ ಗುಂಡು ಮುರಿದು ಗುಂಡೇಟಿನ ವೇಗದಲ್ಲಿ ಹಾರಿ ಜನ ಸತ್ತಿದ್ದಾರೆ. ಹಿಗ್ಗುವ ನೈಲಾನ್ ಹಗ್ಗ ಜಗ್ಗಿ ಎಳೆಯಲು, ಹಿಗ್ಗದ ಪಟ್ಟಿ ಮೆಲ್ಲಗೆ ಎಳೆಯಲು. ಎರಡನ್ನೂ ಅದಲುಬದಲು ಮಾಡಬಾರದು. ಹಗ್ಗ ಬಿಗಿಯಾದಾಗ ಯಾರೂ ಅದರ ಹತ್ತಿರ ನಿಲ್ಲಬಾರದು.

ವಿಂಚ್ ಆಮೇಲೆ. ಒಬ್ಬರೇ ಹೋಗುವವರಿಗೆ ಬೇಕು, ಜೊತೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಒಂದು ಹಗ್ಗ, ಒಂದು ಗುದ್ದಲಿ, ಒಂದು ಜೊತೆ ಟ್ರ್ಯಾಕ್ಷನ್ ಬೋರ್ಡ್ (ಹೂತ ಚಕ್ರದ ಕೆಳಗೆ ಇಡುವ ಹಲಗೆ) ಬಹಳಷ್ಟು ಸಲ ಸಾಕು. ಕೊಳ್ಳುವುದಾದರೆ ತುಂಬಿದ ಗಾಡಿಯ ಭಾರದ ಒಂದೂವರೆ ಪಟ್ಟು ಎಳೆಯುವುದು ಕೊಳ್ಳಿ. ಡಬ್ಬದ ಮೇಲೆ ಬರೆದ ಸಂಖ್ಯೆ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತು ಪದರ ಇದ್ದಾಗಿನದ್ದು, ಪದರ ಏರಿದಂತೆ ಎಳೆತ ಇಳಿಯುತ್ತದೆ. ಸಿಂಥೆಟಿಕ್ ಹಗ್ಗ ಹಗುರ, ಆದರೆ ಬಿಸಿಲು ಮತ್ತು ಕಲ್ಲಿನ ಉಜ್ಜಾಟ ಅದಕ್ಕೆ ಆಗುವುದಿಲ್ಲ.

ಸ್ನಾರ್ಕೆಲ್ (ಎಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ಎಳೆಯುವ ಕೊಳವೆ) ಇದ್ದರೆ ಗಾಡಿ ದೋಣಿಯಾಗುವುದಿಲ್ಲ. ಎಂಜಿನ್ನಿಗೆ ನೀರು ಹೊಕ್ಕರೆ ಪಿಸ್ಟನ್ ಅದನ್ನು ಅದುಮಲು ಆಗದೇ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದನ್ನು ಸ್ನಾರ್ಕೆಲ್ ತಡೆಯುತ್ತದೆ, ಸರಿ. ಆದರೆ ಬಿಸಿಯಾದ ಡಿಫ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಡಿಫ್, ಗೇರ್‌ಬಾಕ್ಸ್‌ಗಳ ಉಸಿರು ನಳಿಕೆಯನ್ನು ಮೇಲಕ್ಕೆ ಎಳೆಸುವುದು ಇದಕ್ಕಿಂತ ಅಗ್ಗ, ಅದಿಲ್ಲದೇ ಸ್ನಾರ್ಕೆಲ್ ಅರ್ಧ ಕೆಲಸ.

ಕೊನೆಗೆ ಎಲ್ಲಕ್ಕೂ ಭಾರದ ಲೆಕ್ಕ ಇದೆ. ಕಬ್ಬಿಣದ ಬಂಪರ್, ವಿಂಚ್, ಪಕ್ಕದ ಸ್ಲೈಡರ್ (ಬಾಗಿಲ ಕೆಳಗೆ ಕಲ್ಲು ತಡೆಯುವ ಕಂಬಿ), ಮೇಲಿನ ಕ್ಯಾರಿಯರ್, ಎರಡನೇ ಬ್ಯಾಟರಿ ಎಲ್ಲ ಸೇರಿದರೆ ಇನ್ನೂ ಒಬ್ಬರೂ ಹತ್ತುವ ಮೊದಲೇ 150 ಕೆಜಿ ದಾಟುತ್ತದೆ. ನೀರು ಲೀಟರಿಗೆ ಒಂದು ಕೆಜಿ. ಕಂಪನಿ ಹೇಳಿದ ಗರಿಷ್ಠ ಭಾರದಿಂದ ಖಾಲಿ ಗಾಡಿಯ ಭಾರ ಕಳೆದರೆ ಉಳಿಯುವುದಷ್ಟೇ ನಿಮ್ಮದು, ಲಿಫ್ಟ್ ಹಾಕಿಸಿದರೂ ಅದು ತಾನಾಗಿ ಏರುವುದಿಲ್ಲ. ತಲೆಯ ಮೇಲೆ ಟೆಂಟ್ ಹೊತ್ತು ಓರೆ ದಾರಿಯಲ್ಲಿ ಹೋಗುವಾಗ ಗಾಡಿ ಮಗುಚುವ ಕೋನ ಎಷ್ಟೋ ಮೊದಲೇ ಬಂದುಬಿಡುತ್ತದೆ.

ಹಳೆಯದು ಕೊಳ್ಳುವವರಿಗೆ

ಯಾರೋ ಮಾರ್ಪಾಡು ಮಾಡಿದ ಗಾಡಿಗಿಂತ ಕಂಪನಿಯಿಂದ ಬಂದಂತೆಯೇ ಇರುವುದು ಮೇಲು. ಆ ಲಿಫ್ಟನ್ನು ಯಾರು ಹಾಕಿದರು, ವೈರ್ ಎಲ್ಲಿ ಕತ್ತರಿಸಿದರು ಅಂತ ನಿಮಗೆ ಗೊತ್ತಿರುವುದಿಲ್ಲ. ಕೆಳಗೆ ತೂರಿ ಷಾಸಿಯಲ್ಲಿ ತುಕ್ಕು, ವೆಲ್ಡಿಂಗ್ ಗುರುತು ನೋಡಿ. ಡಿಫ್ ಆಯಿಲ್ ತೆಗೆಸಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತಲೇ ಅರ್ಥ. ಸಿವಿ ಜಾಯಿಂಟಿನ ರಬ್ಬರ್ ಹರಿದಿದೆಯಾ ನೋಡಿ. ಆಮೇಲೆ ಮಣ್ಣಿನ ಜಾಗಕ್ಕೆ ಕರೆದೊಯ್ದು ಫೋರ್ ವೀಲ್‌ಗೆ ಹಾಕಿ, ಲೋ ರೇಂಜಿಗೆ ಹಾಕಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಓಡಿಸಿ, ಮತ್ತೆ ಟೂ ವೀಲ್‌ಗೆ ಸಲೀಸಾಗಿ ಬರುತ್ತದಾ ಅಂತ ಪರೀಕ್ಷಿಸಿ. ಎಷ್ಟೋ ಗಾಡಿಗಳಲ್ಲಿ ಆ ಲಿವರನ್ನು ವರ್ಷಗಟ್ಟಲೆ ಯಾರೂ ಮುಟ್ಟಿಯೇ ಇರುವುದಿಲ್ಲ. ಮಾರುವವರು 'ಅದೆಲ್ಲ ಸರಿ ಇದೆ, ಈಗ್ಯಾಕೆ' ಅಂದರೆ ಬೇರೆ ಗಾಡಿ ನೋಡಿ.